ಹಗಲು ಸೊಪ್ಪಿಗೆ, ಸಂಜೆ ನಮಗೆ

ಸಾಲ್ಟ್ ಲೇಕ್‌ನ ಮಣ್ಣು ಬಂದದ್ದೇ ಪೈಪಿನಲ್ಲಿ. ಅರವತ್ತರ ದಶಕದ ಆರಂಭದವರೆಗೂ ಕೋಲ್ಕತ್ತದ ಪೂರ್ವಕ್ಕೆ ಇದ್ದದ್ದು ಉಪ್ಪುನೀರಿನ ಜೌಗು ಮತ್ತು ಭೇರಿ ಎಂದು ಕರೆಯುವ ವಿಶಾಲವಾದ ಮೀನುಕೆರೆಗಳು. ಮುಖ್ಯಮಂತ್ರಿ ಡಾ. ಬಿಧಾನ್ ಚಂದ್ರ ರಾಯ್ ಅವರ ಒತ್ತಾಸೆಯಿಂದ 1962ರಲ್ಲಿ ಕೆಲಸ ಶುರುವಾಯಿತು. ಯುಗೋಸ್ಲಾವಿಯಾದ ಕಂಪನಿಯೊಂದು ಹೂಗ್ಲಿ ನದಿಯ ಹೂಳನ್ನು ನೀರಿಗೆ ಕಲಸಿ, ಉದ್ದನೆಯ ಕೊಳವೆಗಳಲ್ಲಿ ಹರಿಸಿ ತಂದು ಜೌಗಿಗೆ ತುಂಬಿತು. ನೀರು ಬಸಿದುಹೋಯಿತು, ಹೂಳು ನಿಂತಿತು. ಅದರ ಮೇಲೆ ವಾಸ್ತುಶಿಲ್ಪಿ ದೊಬ್ರಿವೋಯೆ ತೊಶ್ಕೊವಿಚ್ ಹಾಕಿಕೊಟ್ಟ ನಕ್ಷೆಯಂತೆ ಸೆಕ್ಟರುಗಳು, ಬ್ಲಾಕುಗಳು, ಪಾರ್ಕುಗಳು ಎದ್ದವು. ಅದೇ ಸಾಲ್ಟ್ ಲೇಕ್, ಇಂದಿನ ಬಿಧಾನ್‌ನಗರ.

ತುಂಬದೆ ಉಳಿದ ಜೌಗು ಊರಿನ ಪೂರ್ವದಂಚಿನಲ್ಲಿ ಇಂದಿಗೂ ಇದೆ. 12,500 ಹೆಕ್ಟೇರಿನ ಪೂರ್ವ ಕೋಲ್ಕತ್ತ ಜೌಗು ಪ್ರದೇಶಕ್ಕೆ 2002ರಲ್ಲಿ ರಾಮ್‌ಸಾರ್ ಮಾನ್ಯತೆ ಸಿಕ್ಕಿತು. ನಗರದ ಕೊಳಚೆ ನೀರು ಅಲ್ಲಿನ ಆಳವಿಲ್ಲದ ಕೆರೆಗಳಿಗೆ ಹರಿಯುತ್ತದೆ. ಬಿಸಿಲು ಬಿದ್ದಾಗ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ, ನೀರು ತಿಳಿಯಾಗುತ್ತದೆ. ಬೆಸ್ತರೂ ರೈತರೂ ಕಟ್ಟಿಕೊಂಡ ಈ ವ್ಯವಸ್ಥೆಯ ಬೆಲೆಯನ್ನು ಜಗತ್ತಿಗೆ ತಿಳಿಸಿದವರು ಪರಿಸರ ವಿಜ್ಞಾನಿ ಧ್ರುವಜ್ಯೋತಿ ಘೋಷ್. ನೀರಿನಲ್ಲಿ ಪೋಷಕಾಂಶ, ಮೇಲಿನಿಂದ ಬಿಸಿಲು, ಕೊನೆಗೆ ತಟ್ಟೆಗೆ ಊಟ. ತಾರಸಿಯ ಮೇಲೆ ಹೈಡ್ರೋಪೋನಿಕ್ಸ್ ಮಾಡುವವರು ಅನುಸರಿಸುವುದೂ ಇದೇ ಸೂತ್ರವನ್ನು.

ಸೆಕ್ಟರ್ ಐದರ ಕಂಪನಿಗಳಲ್ಲಿ ಕೆಲಸ ಸಿಕ್ಕಿ ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಇಲ್ಲಿಗೆ ಬಂದವರಿಗೆ ಮೊದಲು ಮನಸ್ಸು ಸೋಲುವುದು ಇಲ್ಲಿನ ತಾರಸಿಗೆ. ಸಂಜೆಯಾದರೆ ಮನೆಮಂದಿ ಮೇಲೆ ಬರುತ್ತಾರೆ. ಚಹಾ, ಮುರಿ ಎನ್ನುವ ಮಂಡಕ್ಕಿ, ಹರಟೆ, ಮಕ್ಕಳ ಗಲಾಟೆ. ಹಗಲಿಡೀ ಅದೇ ತಾರಸಿ ಸುಮ್ಮನೆ ಕಾಯುತ್ತಿರುತ್ತದೆ. ಹಾಗಾಗಿ ಎರಡು ಆಸೆ ಒಟ್ಟಿಗೆ ಹುಟ್ಟುತ್ತವೆ: ಮಣ್ಣಿಲ್ಲದೆ ಒಂದಿಷ್ಟು ಸೊಪ್ಪು ಬೆಳೆಯಬೇಕು, ಸೋಲಾರ್ ಹಾಕಿಸಿ ಸಂಜೆಯ ಫ್ಯಾನು, ದೀಪ, ಹಾಡು, ಕ್ರಿಕೆಟ್ಟು ಎಲ್ಲವನ್ನೂ ಅದರಿಂದ ನಡೆಸಬೇಕು. ಆದರೆ ಹೆಚ್ಚಿನವರು ಇವೆರಡನ್ನೂ ಬೇರೆಬೇರೆ ಅಂಗಡಿಯಲ್ಲಿ, ಬೇರೆಬೇರೆ ಲೆಕ್ಕದಲ್ಲಿ ಕೊಳ್ಳುತ್ತಾರೆ. ಆಮೇಲೆ ಗಿಡದ ಪಂಪು ರಾತ್ರಿಯಿಡೀ ಬ್ಯಾಟರಿ ಹೀರುತ್ತದೆ, ಮನೆಯವರು ಸಂಜೆ ಬೆವರುತ್ತಾ ಕೂರುತ್ತಾರೆ. ನನ್ನ ಮಾತು ಇಷ್ಟೇ: ಗಿಡದ ಕೆಲಸವನ್ನೆಲ್ಲ ಹಗಲಿನಲ್ಲೇ ಮುಗಿಸುವ ಪದ್ಧತಿಯನ್ನು ಆರಿಸಿಕೊಳ್ಳಿ, ಬ್ಯಾಟರಿ ಪೂರ್ತಿ ಮನುಷ್ಯರಿಗಿರಲಿ.

ಕಾಲಿಂಪಾಂಗ್‌ನ ಪಾಠ

ಹೈಡ್ರೋಪೋನಿಕ್ಸ್ ಎಂದೊಡನೆ ಬಿಳಿ ಪೈಪುಗಳ ಸಾಲು, ನೇರಳೆ ದೀಪ, ಸದಾ ಗುಂಯ್‌ಗುಡುವ ಪಂಪು ಕಣ್ಣಿಗೆ ಬರುತ್ತವೆ. ಆ ಹೆಸರನ್ನು 1937ರಲ್ಲಿ ಚಾಲ್ತಿಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಅದಾಗಿ ಒಂಬತ್ತೇ ವರ್ಷಕ್ಕೆ, 1946ರಲ್ಲಿ, ಆಗ ಡಾರ್ಜಿಲಿಂಗ್ ಜಿಲ್ಲೆಯಲ್ಲಿದ್ದ ಕಾಲಿಂಪಾಂಗ್‌ನಲ್ಲಿ ಜೆ. ಶೋಲ್ಟೋ ಡಗ್ಲಸ್ ಪ್ರಯೋಗ ಶುರುಮಾಡಿದರು. ಗುರಿ ಸ್ಪಷ್ಟವಾಗಿತ್ತು: ಯಂತ್ರವಿಲ್ಲದೆ, ಕರೆಂಟಿಲ್ಲದೆ, ಬಡವರ ಮನೆಯಲ್ಲೂ ನಡೆಯುವ ಮಣ್ಣಿಲ್ಲದ ಬೇಸಾಯ ಬೇಕು. ತೊಟ್ಟಿಯಲ್ಲಿ ಕಲ್ಲುಚೂರು, ಮರಳಿನಂಥ ಪುಡಿ ತುಂಬಿ, ಪೋಷಕ ಲವಣಗಳನ್ನು ಒಣಗಿದ ರೂಪದಲ್ಲೇ ಗಿಡದ ಸಾಲುಗಳ ನಡುವೆ ಉದುರಿಸಿ ಮೇಲಿಂದ ನೀರು ಹಾಕುವುದು ಅವರ ಕ್ರಮ. 1951ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಇದರ ಬಗ್ಗೆ ಅವರು ಬರೆದ ಪುಸ್ತಕವನ್ನು ಪ್ರಕಟಿಸಿತು. ಜಗತ್ತು ಅವರ ಕ್ರಮವನ್ನು ಇಂದಿಗೂ ಬಂಗಾಳ ಪದ್ಧತಿ ಎಂದೇ ಕರೆಯುತ್ತದೆ.

ಬಂಗಾಳದಲ್ಲೇ ಕೂತು ದುಬಾರಿ ಪೈಪಿನ ಕಿಟ್ ತರಿಸುವ ಮೊದಲು ಇದನ್ನು ನೆನೆಯಬೇಕು. ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಪದ್ಧತಿ ಬೆಳೆದದ್ದು ಇಂಗ್ಲೆಂಡಿನ ತಂಪು ಗಾಜಿನಮನೆಗಳಲ್ಲಿ. ಅಲ್ಲಿ ಪಂಪು ಒಂದು ಗಂಟೆ ನಿಂತರೆ ಗಿಡ ಸುಧಾರಿಸಿಕೊಳ್ಳುತ್ತದೆ. ಮೇ ತಿಂಗಳ ಕೋಲ್ಕತ್ತದಲ್ಲಿ ಮಧ್ಯಾಹ್ನ ಒಂದು ಗಂಟೆ ನಿಂತರೆ ಬೇರು ಒಣಗಿ ಸೊಪ್ಪು ಮಲಗುತ್ತದೆ. 2020ರ ಮೇ 20ರಂದು ಆಂಫಾನ್ ಚಂಡಮಾರುತ ಬಡಿದಾಗ ನಗರದ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಅಂಥ ಊರಿನಲ್ಲಿ ಒಂದೇ ಪಂಪಿನ ಮೇಲೆ ಇಡೀ ತೋಟದ ಜೀವ ಇಡಬಾರದು.

ಪೆಟ್ಟಿಗೆಯಿಂದ ಶುರು

ಮೊದಲ ಬೆಳೆಗೆ ಪಂಪೂ ಬೇಡ, ಸೋಲಾರೂ ಬೇಡ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪ್ರಚಾರಕ್ಕೆ ತಂದ ನಿಂತ ನೀರಿನ ಪದ್ಧತಿ ಸಾಕು. ಮುಚ್ಚಳವಿರುವ ಒಂದು ಪೆಟ್ಟಿಗೆ, ಅದರಲ್ಲಿ ಪೋಷಕ ದ್ರಾವಣ, ಮುಚ್ಚಳದ ತೂತಿನಲ್ಲಿ ಜಾಲರಿಯ ಪುಟ್ಟ ಕುಂಡ, ಅದರಲ್ಲಿ ಸಸಿ. ಶುರುವಿಗೆ ಕುಂಡದ ತಳ ನೀರಿಗೆ ತಾಕಿರಬೇಕು. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಖಾಲಿಯಾದ ಜಾಗದಲ್ಲಿ ಬೇರಿಗೆ ಗಾಳಿ ಸಿಗುತ್ತದೆ. ನೀರು ಇಳಿಯಿತೆಂದು ಗಾಬರಿಯಾಗಿ ಮತ್ತೆ ಕುತ್ತಿಗೆವರೆಗೆ ತುಂಬಬೇಡಿ. ಗಾಳಿಗೆ ಒಗ್ಗಿದ ಬೇರುಗಳು ಮುಳುಗಿ ಉಸಿರುಗಟ್ಟುತ್ತವೆ. ಒಂದು ಲೆಟ್ಯೂಸ್ ಗಿಡ ಬೆಳೆದು ಕೊಯ್ಲಿಗೆ ಬರುವಷ್ಟರಲ್ಲಿ ಸುಮಾರು ನಾಲ್ಕು ಲೀಟರ್ ಕುಡಿಯುತ್ತದೆ. ಇಪ್ಪತ್ತು ಲೀಟರಿನ ಪೆಟ್ಟಿಗೆಗೆ ನಾಲ್ಕು ಗಿಡ ಎಂದಿಟ್ಟುಕೊಂಡರೆ ನಡುವೆ ತುಂಬುವ ಗೋಜೇ ಇಲ್ಲ.

ಪೆಟ್ಟಿಗೆಗೆ ಮೀನು ಮಾರುಕಟ್ಟೆಯತ್ತ ಹೋಗಿ. ಮಂಜುಗಡ್ಡೆ ತುಂಬಿ ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಗಳನ್ನು ಸಂಜೆ ಹೊತ್ತಿಗೆ ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಚೆನ್ನಾಗಿ ತೊಳೆದು ಒಣಗಿಸಿ, ಒಳಗೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ. ಹೊರಮೈಗೆ ಬಿಳಿ ಬಣ್ಣ ಬಳಿಯಿರಿ ಅಥವಾ ಹಳೆಯ ಬಿಳಿ ಬಟ್ಟೆ ಸುತ್ತಿರಿ. ಕಪ್ಪು ಹಾಳೆ ಬೆಳಕು ತಡೆದು ಪಾಚಿ ಬರದಂತೆ ನೋಡಿಕೊಳ್ಳುತ್ತದೆ, ಥರ್ಮೋಕೋಲ್ ಬಿಸಿ ತಡೆಯುತ್ತದೆ. ಬಣ್ಣದ ಪ್ಲಾಸ್ಟಿಕ್ ಡಬ್ಬಕ್ಕಿಂತ ಈ ಹವೆಗೆ ಇದೇ ಮೇಲು.

ಸಸಿ ಬೆಳೆಸಲು ಕೋಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಇಟ್ಟಿಗೆಯಾಕಾರದಲ್ಲಿ ಬರುವ ಇದನ್ನು ನೆನೆಹಾಕಿ ಎರಡು ಮೂರು ನೀರಿನಲ್ಲಿ ತೊಳೆಯಲೇಬೇಕು, ಅದರಲ್ಲಿ ಉಪ್ಪಿನಂಶ ಇರುತ್ತದೆ. ಬೀಜದ ವಿಷಯಕ್ಕೆ ಬಂದರೆ ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು ಇಲ್ಲಿಗೂ ಹೊಂದುತ್ತವೆ. ಪಾಲಕ್‌ಗೆ ಅರ್ಕಾ ಅನುಪಮ, ಮತ್ತೆ ಮತ್ತೆ ಕೊಯ್ಯುವ ಹರಿವೆಗೆ ಅರ್ಕಾ ಸುಗುಣ. ನಗರದ ಮನೆಗಳಿಗೆಂದೇ ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ಕ್ರಮವನ್ನೂ ಆ ಸಂಸ್ಥೆ ರೂಪಿಸಿದೆ. ಬೆಂಗಳೂರಿನ ಓದುಗರು ಒಮ್ಮೆ ಅಲ್ಲಿಗೆ ಹೋಗಿ ನೋಡುವುದು ಒಳ್ಳೆಯದು.

ಇನ್ನು ಗೊಬ್ಬರ. ಅಂಗಡಿಯಲ್ಲಿ ಎ, ಬಿ ಎಂದು ಎರಡು ಡಬ್ಬಿ ಕೊಡುವುದಕ್ಕೆ ಕಾರಣವಿದೆ. ಎ ಡಬ್ಬಿಯಲ್ಲಿ ಮುಖ್ಯವಾಗಿ ಕ್ಯಾಲ್ಸಿಯಂ ನೈಟ್ರೇಟ್, ಬಿ ಡಬ್ಬಿಯಲ್ಲಿ ಫಾಸ್ಫೇಟ್, ಪೊಟ್ಯಾಶ್, ಮೆಗ್ನೀಷಿಯಂ ಸಲ್ಫೇಟ್. ಎರಡನ್ನೂ ಗಟ್ಟಿಯಾಗಿರುವಾಗಲೇ ಬೆರೆಸಿದರೆ ಕ್ಯಾಲ್ಸಿಯಂ ಫಾಸ್ಫೇಟ್, ಕ್ಯಾಲ್ಸಿಯಂ ಸಲ್ಫೇಟ್ ಆಗಿ ಸುಣ್ಣದಂತೆ ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಮೊದಲು ಪೂರ್ತಿ ನೀರಿಗೆ ಎ ಹಾಕಿ ಕದಡಿ, ಆಮೇಲೆ ಬಿ ಹಾಕಿ. ಎರಡು ಪುಟ್ಟ ಮೀಟರು ಕೊಳ್ಳಿ. ಒಂದು ಪಿಎಚ್ ನೋಡುವುದು, ಇನ್ನೊಂದು ಕರಗಿದ ಲವಣ ನೋಡುವ ಇಸಿ ಮೀಟರು. ಸೊಪ್ಪಿಗೆ ಪಿಎಚ್ 5.5ರಿಂದ 6.5ರೊಳಗೆ, ಇಸಿ 1.2ರಿಂದ 1.8ರೊಳಗೆ ಇದ್ದರೆ ಸಾಕು. ಬಿಸಿಲು ಜಾಸ್ತಿಯಾದಾಗ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಕುಡಿಯುವುದರಿಂದ ಬೇಸಿಗೆಯಲ್ಲಿ ಕೆಳಗಿನ ಅಂಕಿಗೆ ಹತ್ತಿರವಿರಲಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬಿಧಾನ್‌ನಗರ ಇರುವುದು ಉತ್ತರ 24 ಪರಗಣ ಜಿಲ್ಲೆಯಲ್ಲಿ. ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದ ಜಿಲ್ಲೆ ಅದು. ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸದೆ ತಿನ್ನುವ ಸೊಪ್ಪಿಗೆ ಹಾಕಬೇಡಿ. ನಳದ ನೀರು ಒಳ್ಳೆಯದು, ಮಳೆನೀರು ಇನ್ನೂ ಒಳ್ಳೆಯದು. ಕೋಲ್ಕತ್ತದಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ, ಬೆಂಗಳೂರಿಗಿಂತ ಎಷ್ಟೋ ಹೆಚ್ಚು. ತಾರಸಿಯ ಮೊದಲ ಮಳೆಯ ಕೊಳೆನೀರು ಹರಿದುಹೋದ ಮೇಲೆ ಹಿಡಿದು ಮುಚ್ಚಿಟ್ಟರೆ ಮೀಟರಿನಲ್ಲಿ ಅದರ ಲವಣಾಂಶ ಸೊನ್ನೆಯ ಆಸುಪಾಸಿಗೆ ಬರುತ್ತದೆ, ಗೊಬ್ಬರದ ಲೆಕ್ಕ ಕರಾರುವಾಕ್ಕಾಗುತ್ತದೆ.

ಬಿಸಿನೀರು ಮತ್ತು ಬೇರು

ತಾರಸಿ ಜಲಕೃಷಿ ಕೈಕೊಡುವುದು ಹೆಚ್ಚಾಗಿ ಗೊಬ್ಬರದಿಂದಲ್ಲ, ನೀರಿನ ಬಿಸಿಯಿಂದ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಏರಿದರೆ ಅದು 7.5ಕ್ಕೆ ಇಳಿಯುತ್ತದೆ. ಬೇರಿಗೆ ಬಿಸಿಯಲ್ಲಿ ಆಮ್ಲಜನಕ ಹೆಚ್ಚು ಬೇಕು, ಸಿಗುವುದು ಕಡಿಮೆ. ಆ ಹೊತ್ತಿಗೆ ಪಿಥಿಯಂ ಎಂಬ ಬೇರುಕೊಳೆ ರೋಗಾಣು ಕಾದಿರುತ್ತದೆ.

ಆದ್ದರಿಂದ ದಿನಾ ಬೆಳಿಗ್ಗೆ ಒಂದು ಕುಂಡ ಎತ್ತಿ ಬೇರನ್ನು ನೋಡಿ. ಆರೋಗ್ಯವಾಗಿರುವ ಬೇರು ಬೆಳ್ಳಗೆ ಅಥವಾ ತಿಳಿ ಕೆನೆಬಣ್ಣದಲ್ಲಿ ಇರುತ್ತದೆ, ತುದಿಯಲ್ಲಿ ನಯವಾದ ಎಳೆಗಳು ಕವಲೊಡೆದಿರುತ್ತವೆ, ಎಳೆದರೆ ಕೈಗೆ ಬಿಗಿಯಾಗಿ ಸಿಗುತ್ತದೆ. ಮೂಗಿಗೆ ಹಸಿ ಸೌತೆಯ ವಾಸನೆ, ಇಲ್ಲವೆ ಯಾವ ವಾಸನೆಯೂ ಇಲ್ಲ. ರೋಗ ತಗಲಿದ ಬೇರು ಕಂದಾಗಿ ಜಿಡ್ಡುಜಿಡ್ಡಾಗುತ್ತದೆ. ಎರಡು ಬೆರಳಲ್ಲಿ ಹಿಡಿದು ಜಾರಿಸಿದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನೂಲೊಂದೇ ಉಳಿಯುತ್ತದೆ, ಚರಂಡಿಯ ನಾತ ಬರುತ್ತದೆ. ಎಲೆ ಬಾಡುವುದಕ್ಕೆ ಎರಡು ಮೂರು ದಿನ ಮೊದಲೇ ಬೇರು ಈ ಸುದ್ದಿ ಕೊಡುತ್ತದೆ. ಹಾಗೆ ಕಂಡ ಗಿಡವನ್ನು ಉಳಿಸಲು ಹೋಗಬೇಡಿ. ಕಿತ್ತು ಬಿಸಾಡಿ, ನೀರು ಚೆಲ್ಲಿ, ಪೆಟ್ಟಿಗೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಹೊಸದಾಗಿ ಹಚ್ಚಿ.

ಇದಕ್ಕಿಂತ ದೊಡ್ಡ ಮದ್ದೆಂದರೆ ಋತುವಿಗೆ ತಕ್ಕ ಬೆಳೆ. ನವೆಂಬರಿನಿಂದ ಫೆಬ್ರವರಿವರೆಗೆ ಲೆಟ್ಯೂಸ್, ಪಾಲಕ್, ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಎಲ್ಲ ಖುಷಿಯಾಗಿ ಬರುತ್ತವೆ. ಮಾರ್ಚ್ ಕಳೆದ ಮೇಲೆ ಲೆಟ್ಯೂಸಿನ ಹಟ ಬಿಡಿ. ಅದು ಕಹಿಯಾಗಿ ಹೂವಿಗೆ ಹೋಗುತ್ತದೆ. ಆಗ ಬಸಳೆ, ಹರಿವೆ, ದಂಟು, ಪುದೀನ ಮತ್ತು ಇಲ್ಲಿನವರ ಕೊಲ್ಮಿ ಶಾಕ್. ನೀರಿನಲ್ಲೇ ಹುಟ್ಟಿ ಬೆಳೆಯುವ ಕೊಲ್ಮಿಗೆ ಈ ಬಿಸಿ ಲೆಕ್ಕಕ್ಕೇ ಇಲ್ಲ. ಬಸಳೆಯನ್ನು ಸಿಗಡಿ ಹಾಕಿ ಬೇಯಿಸುವುದು ಮಂಗಳೂರು ಕಡೆಯ ಮನೆಗಳಲ್ಲೂ ಇದೆ, ಬಂಗಾಳಿ ಮನೆಗಳಲ್ಲೂ ಇದೆ. ಕರಾವಳಿಯಿಂದ ಬಂದವರು ಇಲ್ಲಿ ಅತಿಥಿಗಳನ್ನು ಕರೆದರೆ ಊಟದ ಚಿಂತೆ ಮಾಡಬೇಕಿಲ್ಲ.

ಟೊಮೆಟೊ, ಸೌತೆ ಬೇಕೆಂದು ಮಕ್ಕಳು ಕೇಳುತ್ತಾರೆ. ಅವಕ್ಕೆ ಇಸಿ ಎರಡರ ಮೇಲೆ ಬೇಕು, ಆಸರೆ ಬೇಕು, ದಿನಕ್ಕೆ ಲೀಟರುಗಟ್ಟಲೆ ನೀರು ಬೇಕು. ಸೊಪ್ಪಿನಲ್ಲಿ ಒಂದು ವರ್ಷ ಕೈ ಪಳಗಿದ ಮೇಲೆ ನೋಡೋಣ.

ಹಗಲು ಮಾತ್ರ ಓಡುವ ಪಂಪು

ಪೆಟ್ಟಿಗೆಯಲ್ಲಿ ಎರಡು ಬೆಳೆ ತೆಗೆದು ಹುರುಪು ಉಳಿದಿದ್ದರೆ ಆಗ ಸೋಲಾರ್ ಪಂಪಿನ ಮಾತು. ಪೈಪಿನ ಬದಲು ತುಂಬಿಸಿ ಬಸಿಯುವ ಪಾತಿ ಮಾಡಿ. ಕಾಲಿಂಪಾಂಗ್‌ನ ತೊಟ್ಟಿಗೆ ಒಂದು ಚಿಕ್ಕ ಪಂಪು ಸೇರಿಸಿದಂತೆ ಇದು. ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಮೂರು ಪ್ಲಾಸ್ಟಿಕ್ ಕ್ರೇಟು, ಅವುಗಳಲ್ಲಿ ಆರು ಅಂಗುಲ ಎತ್ತರಕ್ಕೆ ಸುಟ್ಟ ಜೇಡಿಮಣ್ಣಿನ ಹಗುರ ಉಂಡೆಗಳು, ಕೆಳಗೆ ನೆರಳಿನಲ್ಲಿ 60 ಲೀಟರಿನ ಮುಚ್ಚಿದ ಡ್ರಮ್ಮು. ಪಂಪು ಓಡಿದಾಗ ದ್ರಾವಣ ಏರಿ ಉಂಡೆಗಳನ್ನು ನೆನೆಸುತ್ತದೆ, ನಿಂತಾಗ ಅದೇ ಕೊಳವೆಯಲ್ಲಿ ವಾಪಸು ಇಳಿಯುತ್ತದೆ. ಇಳಿಯುವಾಗ ಹೊಸ ಗಾಳಿಯನ್ನು ಬೇರಿನೆಡೆಗೆ ಎಳೆದುಕೊಳ್ಳುತ್ತದೆ. ಹೆಚ್ಚಾದ ನೀರು ಮರಳಲು ಪಾತಿಯ ಮೇಲ್ಭಾಗಕ್ಕಿಂತ ಒಂದು ಅಂಗುಲ ಕೆಳಗೆ ಇನ್ನೊಂದು ಕೊಳವೆ ಇಡಿ. ಮೇಲ್ಪದರ ಯಾವಾಗಲೂ ಒಣಗಿಯೇ ಇರಬೇಕು.

ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಸಾಕು, ದಿನಕ್ಕೆ ಆರು ಸಲ. ರಾತ್ರಿಗೆ ಉಂಡೆಗಳು ಹಿಡಿದಿಟ್ಟ ತೇವವೇ ಸಾಕು. 20 ವ್ಯಾಟಿನ 12 ವೋಲ್ಟ್ ಪಂಪಿಗೆ ದಿನಕ್ಕೆ ಬೇಕಾಗುವುದು 30 ವ್ಯಾಟ್-ಅವರ್, ಅದೂ ಪ್ಯಾನೆಲ್ ಬಿಸಿಲು ಕುಡಿಯುತ್ತಿರುವ ಹೊತ್ತಿನಲ್ಲೇ. ಕರೆಂಟು ಹೋಯಿತೆ, ಪಂಪು ಕೆಟ್ಟಿತೆ, ಚೊಂಬಿನಲ್ಲಿ ಡ್ರಮ್ಮಿನ ನೀರು ತೋಡಿ ಮೇಲೆ ಸುರಿದರೂ ಆಯಿತು.

ಜೇಡಿಮಣ್ಣಿನ ಉಂಡೆ ದುಬಾರಿ ಅನ್ನಿಸಿದರೆ ಇಟ್ಟಿಗೆ ಜಲ್ಲಿ ಇದೆ. ಕಲ್ಲು ಸಿಗದ ಈ ಮೆಕ್ಕಲು ನಾಡಿನಲ್ಲಿ ಕಾಂಕ್ರೀಟಿಗೂ ಇಟ್ಟಿಗೆ ಒಡೆದು ಹಾಕುವುದು ಹಳೆಯ ರೂಢಿ, ಹಾಗಾಗಿ ಎಲ್ಲೆಡೆ ಸಿಗುತ್ತದೆ. ತೇವವನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಭಾರ. ಆರು ಅಂಗುಲ ಇಟ್ಟಿಗೆ ಜಲ್ಲಿ ತುಂಬಿ ನೀರು ಏರಿಸಿದರೆ ಚದರ ಮೀಟರಿಗೆ 200 ಕಿಲೋ ದಾಟುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಎಪ್ಪತ್ತು ಎಂಬತ್ತರ ದಶಕದ ಹಳೆಯ ಮನೆಗಳೇ ಹೆಚ್ಚಿರುವ ಬಡಾವಣೆ ಇದು. ಕ್ರೇಟು ಯಾವುದೇ ಇರಲಿ, ಕೆಳಗಿನ ಗೋಡೆ ಅಥವಾ ತೊಲೆಯ ನೇರಕ್ಕೆ ಇಡಿ. ತಾರಸಿಯ ನಟ್ಟನಡುವೆ ನೀರಿನ ಡ್ರಮ್ಮು ಇಡುವ ಯೋಚನೆಯಿದ್ದರೆ ಮೊದಲು ಎಂಜಿನಿಯರನ್ನು ಕರೆಸಿ.

ಮೂರ್ನಾಲ್ಕು ವಾರಕ್ಕೊಮ್ಮೆ ದ್ರಾವಣ ಬದಲಿಸಬೇಕು. ಹಳೆಯದನ್ನು ಚರಂಡಿಗೆ ಬಿಡದೆ ಕುಂಡದ ದಾಸವಾಳಕ್ಕೋ ಲಿಂಬೆಗೋ ಹಾಕಿ. ಕೊಯ್ಲನ್ನು ಮಧ್ಯಾಹ್ನದ ಮೇಲೆ ಮಾಡಿ. ಬಿಸಿಲು ಕಂಡ ಎಲೆಯಲ್ಲಿ ನೈಟ್ರೇಟ್ ಶೇಖರ ಬೆಳಗಿನದಕ್ಕಿಂತ ಕಡಿಮೆ ಇರುತ್ತದೆ.

ಸಂಜೆಯ ಲೆಕ್ಕ

ಸೂರ್ಯಶಕ್ತಿಯ ವಿಷಯದಲ್ಲಿ ಈ ಭಾಗ ದೇಶಕ್ಕೆ ದಾರಿ ತೋರಿಸಿದೆ. ಪಶ್ಚಿಮ ಬಂಗಾಳದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆಯ ಕಚೇರಿ ಬಿಕಲ್ಪ ಶಕ್ತಿ ಭವನ ಇರುವುದು ಇಲ್ಲಿನ ಸೆಕ್ಟರ್ ಐದರಲ್ಲೇ. ಎಸ್.ಪಿ. ಗಾನ್ ಚೌಧುರಿ ಅವರ ಮುಂದಾಳತ್ವದಲ್ಲಿ ಆ ಸಂಸ್ಥೆ ಸುಂದರಬನದ ಸಾಗರ ದ್ವೀಪದ ಹಳ್ಳಿಗಳಿಗೆ ಸೌರ ವಿದ್ಯುತ್ ಕೊಟ್ಟಿತು. 2008ರಲ್ಲಿ ಪಕ್ಕದ ನ್ಯೂ ಟೌನ್‌ನಲ್ಲಿ ರಬಿರಶ್ಮಿ ಆಬಾಸನ್ ಎಂಬ 25 ಮನೆಗಳ ಸೌರ ಬಡಾವಣೆ ಕಟ್ಟಿಸಿತು. ಮಾಡಿನ ಪ್ಯಾನೆಲ್ಲುಗಳಿಂದ ಮನೆ ಬೆಳಗಿ, ಮಿಕ್ಕ ಕರೆಂಟು ಗ್ರಿಡ್‌ಗೆ ಹೋಗುವ ಏರ್ಪಾಡು. ಇದೇ ಸೆಕ್ಟರ್ ಐದರಲ್ಲಿ ಜಗದೀಶ್ ಚಂದ್ರ ಬೋಸ್ 1917ರಲ್ಲಿ ಸ್ಥಾಪಿಸಿದ ಬೋಸ್ ಸಂಸ್ಥೆಯ ಹೊಸ ಆವರಣವೂ ಇದೆ. ಗಿಡಗಳ ಸ್ಪಂದನವನ್ನು ಅಳೆದ ಆ ವಿಜ್ಞಾನಿಯೇ ಬೆಳಕಿಗೆ ಸ್ಪಂದಿಸುವ ಗೆಲೀನಾ ಹರಳಿನ ಉಪಕರಣಕ್ಕೂ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು ಎಂಬುದನ್ನು ನೆನೆದಾಗ ನನಗೆ ಈ ಊರಿನ ಮೇಲೆ ಇನ್ನಷ್ಟು ಪ್ರೀತಿ ಹುಟ್ಟುತ್ತದೆ.

ಸೋಲಾರ್ ಕೊಳ್ಳುವಾಗ ಪ್ಯಾನೆಲ್ ನೋಡಿ ಆಮೇಲೆ ಉಪಯೋಗ ಹುಡುಕಬೇಡಿ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹರೀಶ್ ಹಂದೆ ಅವರ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಲ್ಲಿ ಮಾಡಿ ತೋರಿಸಿದ್ದು ಇದನ್ನೇ: ಮನೆಯವರಿಗೆ ಏನು ಬೇಕೆಂದು ಮೊದಲು ಕೇಳು, ಆಮೇಲೆ ಅಷ್ಟಕ್ಕೇ ಪ್ಯಾನೆಲ್ ಕೂರಿಸು.

ನಮ್ಮ ಸಂಜೆಗೆ ಏನು ಬೇಕು? 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ನಾಲ್ಕು ಗಂಟೆ ತಿರುಗಿದರೆ 120 ವ್ಯಾಟ್-ಅವರ್. ಮಾಮೂಲಿ ಫ್ಯಾನಾದರೆ ಇದರ ಎರಡು ಪಟ್ಟಿಗೂ ಹೆಚ್ಚು, ಆದ್ದರಿಂದ ಇಲ್ಲಿ ಜಿಪುಣತನ ಬೇಡ. 9 ವ್ಯಾಟಿನ ಎರಡು ದೀಪ ನಾಲ್ಕು ಗಂಟೆಗೆ 72. ಹಾಡಿನ ಸ್ಪೀಕರು ಮೂರು ಗಂಟೆಗೆ 30. ಪಂದ್ಯ ನೋಡುವ ಚಿಕ್ಕ ಟಿವಿ 50 ವ್ಯಾಟಿನಂತೆ ಎರಡೂವರೆ ಗಂಟೆಗೆ 125. ಇಂಟರ್ನೆಟ್ ರೂಟರ್ 40, ಎರಡು ಫೋನಿನ ಚಾರ್ಜು 30. ಒಟ್ಟು 417. ಪಂಪಿನ 30 ಸೇರಿಸಿದರೆ 447. ತಂತಿ, ಬ್ಯಾಟರಿ, ಕಂಟ್ರೋಲರಿನಲ್ಲಿ ಸೋರುವ ಕಾಲು ಭಾಗವನ್ನು ಹಿಡಿದರೆ ಸುಮಾರು 600. ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲೆಂದು ಎಣಿಸಿದರೆ 150 ವ್ಯಾಟಿನ ಪ್ಯಾನೆಲ್ ಸಾಕು, ಮೋಡಕ್ಕೆಂದು 200 ತೆಗೆದುಕೊಳ್ಳಿ. ಬ್ಯಾಟರಿಗೆ 12.8 ವೋಲ್ಟ್, 50 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಒಂದು. ಅದರಲ್ಲಿ 640 ವ್ಯಾಟ್-ಅವರ್ ಹಿಡಿಸುತ್ತದೆ, ನಮ್ಮ ಸಂಜೆ ಅದರೊಳಗೆ ಆರಾಮಾಗಿ ಮುಗಿಯುತ್ತದೆ. ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಇರಲಿ. ಆದಷ್ಟು 12 ವೋಲ್ಟಿನ ಸಾಮಾನುಗಳನ್ನೇ ಕೊಂಡರೆ ಇನ್ವರ್ಟರಿನಲ್ಲಿ ಹಾಳಾಗುವ ಕರೆಂಟೂ ಉಳಿಯುತ್ತದೆ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸುವುದನ್ನು ಮರೆಯಬೇಡಿ, ಬ್ಯಾಟರಿಯನ್ನು ಬಿಸಿಲು ಮಳೆ ತಾಗದ ಮೆಟ್ಟಿಲುಕೋಣೆಯಲ್ಲಿಡಿ.

ಗಿಡಕ್ಕೆ ಎಲ್‌ಇಡಿ ಬೆಳೆದೀಪ ಹಾಕಲೇ ಎಂದು ಕೇಳುವವರಿಗೆ ಬೇಡವೆಂದೇ ಹೇಳುತ್ತೇನೆ. 100 ವ್ಯಾಟಿನ ದೀಪ ದಿನಕ್ಕೆ 14 ಗಂಟೆ ಉರಿದರೆ ಸುಮಾರು ಒಂದೂವರೆ ಯೂನಿಟ್, ಅಂದರೆ ಮೇಲೆ ಹೇಳಿದ ಇಡೀ ಸಂಜೆಯ ಮೂರು ಪಟ್ಟು. ತಲೆಯ ಮೇಲೆ ಸೂರ್ಯನಿರುವಾಗ ಅವನನ್ನು ಕರೆಂಟು ಮಾಡಿ, ಕರೆಂಟನ್ನು ಮತ್ತೆ ಬೆಳಕು ಮಾಡಿ ಸೊಪ್ಪಿಗೆ ಕೊಡುವುದು ಶುದ್ಧ ದಂಡ. ಬದಲಿಗೆ ಪ್ಯಾನೆಲ್ಲಿನ ನೆರಳನ್ನೇ ಬಳಸಿಕೊಳ್ಳಿ. ಸಾಲ್ಟ್ ಲೇಕ್ 22.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಸರಿಸುಮಾರು ಅಷ್ಟೇ ಡಿಗ್ರಿ ಬಾಗಿರಬೇಕು. ಅದರ ಹಿಂದೆ ಬೀಳುವ ನೆರಳಿನಲ್ಲಿ ಡ್ರಮ್ಮು ಇಟ್ಟರೆ ನೀರು ತಂಪಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾತಿಯ ಮೇಲೆ ಶೇಕಡ 50ರ ನೆರಳುಪರದೆ ಕಟ್ಟಿ. ಚಳಿಗಾಲದಲ್ಲಿ ಹೊಗೆಮಂಜು, ಧೂಳು ಪ್ಯಾನೆಲ್ಲಿನ ಮೇಲೆ ಕೂರುತ್ತವೆ, ವಾರಕ್ಕೊಮ್ಮೆ ಬೆಳಿಗ್ಗೆ ಒದ್ದೆಬಟ್ಟೆಯಿಂದ ಒರೆಸಿ. ಜುಲೈ, ಆಗಸ್ಟ್‌ನ ಕೆಲವು ದಿನ ಲೆಕ್ಕದ ಮೂರನೇ ಒಂದು ಭಾಗವೂ ಬರುವುದಿಲ್ಲ. ಆ ಸಂಜೆಗಳಲ್ಲಿ ಟಿವಿ ಕೆಳಗಿನ ಮನೆಯಲ್ಲೇ ನೋಡಿ.

ಇಡೀ ಮನೆಗೇ ಸೋಲಾರ್ ಬೇಕೆನ್ನುವವರ ದಾರಿ ಬೇರೆ. 2024ರ ಫೆಬ್ರವರಿಯಲ್ಲಿ ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಗ್ರಿಡ್‌ಗೆ ಜೋಡಿಸಿದ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟರೆ 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ಕಿಲೋವ್ಯಾಟಿಗೆ ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಮೇಲೆ ಹೇಳಿದಂಥ ಪುಟ್ಟ ಬ್ಯಾಟರಿ ಏರ್ಪಾಡಿಗೆ ಈ ಸಹಾಯಧನ ಸಿಗದು. ಇನ್ನೊಂದು ವಿಷಯವನ್ನು ಅಂಗಡಿಯವರು ಒತ್ತಿ ಹೇಳುವುದಿಲ್ಲ: ಬ್ಯಾಟರಿಯಿಲ್ಲದ ಗ್ರಿಡ್ ಸೋಲಾರ್ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಲೈನಿನಲ್ಲಿ ದುರಸ್ತಿ ಮಾಡುವವರ ಜೀವ ಉಳಿಯಲೆಂದು ಮಾಡಿದ ಏರ್ಪಾಡು ಅದು.

ಗಾಳಿ, ಸೊಳ್ಳೆ, ಸೊಸೈಟಿ

ಮಾರ್ಚಿನಿಂದ ಮೇವರೆಗೆ ಸಂಜೆ ಹೊತ್ತು ವಾಯವ್ಯದಿಂದ ಕಾಲ್‌ಬೈಶಾಖಿ ಎಂಬ ಬಿರುಗಾಳಿ ಏಳುತ್ತದೆ. ಮೋಡ ಕಪ್ಪಾದ ಅರ್ಧ ಗಂಟೆಯೊಳಗೆ ಗಾಳಿ ತಾರಸಿಯ ಹಗುರ ಸಾಮಾನೆಲ್ಲ ಹಾರಿಸುತ್ತದೆ. ಪ್ಯಾನೆಲ್ಲಿನ ಚೌಕಟ್ಟನ್ನು ಕಾಂಕ್ರೀಟ್ ದಿಮ್ಮಿಗಳಿಗೆ ಬೋಲ್ಟ್ ಹಾಕಿ ಬಿಗಿಯಿರಿ, ತಾರಸಿಯ ನೀರುತಡೆ ಪದರವನ್ನು ಕೊರೆಯಬೇಡಿ. ಚಂಡಮಾರುತದ ಮುನ್ಸೂಚನೆ ಬಂದರೆ ಪ್ಯಾನೆಲ್ ಬಿಚ್ಚಿ ಒಳಗಿಡುವಂತಿರಬೇಕು. ಒಂದೇ ಪ್ಯಾನೆಲ್ ಆದ್ದರಿಂದ ಇಬ್ಬರು ಸೇರಿದರೆ ಆಗುವ ಕೆಲಸ.

ಸೊಳ್ಳೆಯ ವಿಷಯದಲ್ಲಿ ಸಡಿಲಿಕೆ ಬೇಡವೇ ಬೇಡ. ಬಿಧಾನ್‌ನಗರದಲ್ಲಿ ಮಳೆಗಾಲ ಬಂದರೆ ಡೆಂಗಿ ಭಯ. ಏಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಹತ್ತು ದಿನ ಸಾಕು, ಒಂದು ಲೋಟ ನೀರಾದರೂ ಸಾಕು. ಡ್ರಮ್ಮಿನ ಮುಚ್ಚಳ, ಕೊಳವೆ ಹಾದುಹೋಗುವ ತೂತು, ಖಾಲಿ ಕುಂಡದ ತೂತು ಎಲ್ಲಕ್ಕೂ ಸಣ್ಣ ಬಲೆ ಅಥವಾ ಸ್ಪಂಜು ತುರುಕಿ. ವಾರಕ್ಕೊಂದು ದಿನ ಗೊತ್ತುಮಾಡಿ ಟಾರ್ಚ್ ಹಾಕಿ ಒಳಗೆ ನೋಡಿ. ಅನುಮಾನವಿದ್ದರೆ ಬಿಟಿಐ ಎಂಬ ಜೈವಿಕ ಮದ್ದು ಹಾಕಬಹುದು. ಅದು ಲಾರ್ವಾ ಕೊಲ್ಲುತ್ತದೆ, ಗಿಡಕ್ಕೂ ಮನುಷ್ಯರಿಗೂ ತೊಂದರೆಯಿಲ್ಲ. ನಿಮ್ಮ ತಾರಸಿಯ ಲೆಟ್ಯೂಸಿಗಾಗಿ ಪಕ್ಕದ ಮನೆಯ ಮಗು ಜ್ವರದಲ್ಲಿ ಮಲಗಬಾರದು. ಇದನ್ನು ಪಾಲಿಸಲು ಆಗದವರು ಜಲಕೃಷಿಯನ್ನು ಕೈಬಿಡುವುದೇ ಸರಿ. ಕರ್ನಾಟಕದಲ್ಲೂ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆಗೆ ಎಡೆಮಾಡಿದವರಿಗೆ ದಂಡ ಹಾಕುವ ನಿಯಮ ಬಂದಿದೆ.

ಸಹಕಾರಿ ವಸತಿ ಸಂಕೀರ್ಣಗಳಲ್ಲಿ ತಾರಸಿ ಎಲ್ಲರಿಗೂ ಸೇರಿದ್ದು. ಸಮಿತಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಭಾರ ಎಷ್ಟು, ನೀರು ಎಲ್ಲಿ ಬಸಿಯುತ್ತದೆ ಎಂದು ಚೀಟಿಯಲ್ಲಿ ಬರೆದುಕೊಡಿ. ಮೊದಲ ಕಟ್ಟು ಸೊಪ್ಪನ್ನು ಕೆಳಗಿನ ಮನೆಯ ಮಾಶಿಮಾಗೆ, ಅಂದರೆ ಹಿರಿಯಮ್ಮನಿಗೆ, ಕೊಟ್ಟುಬನ್ನಿ. ಮುಂದೆ ಸಂಜೆಯ ಹಾಡು ತುಸು ಜೋರಾದರೂ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಹಣದ ಉಳಿತಾಯ ನೋಡಿ ಇದಕ್ಕೆ ಕೈಹಾಕಬೇಡಿ. ದಿನಕ್ಕೆ ಅರ್ಧ ಯೂನಿಟ್ ಕರೆಂಟು, ವಾರಕ್ಕೆ ನಾಲ್ಕೈದು ಕಟ್ಟು ಸೊಪ್ಪು ಯಾರನ್ನೂ ಶ್ರೀಮಂತರನ್ನಾಗಿ ಮಾಡುವುದಿಲ್ಲ. ಸಿಗುವುದು ಕೀಟನಾಶಕವಿಲ್ಲದ ಎಳೆ ಸೊಪ್ಪು ಮತ್ತು ಕರೆಂಟು ಹೋದರೂ ಮುರಿಯದ ಸಂಜೆ. ಇವೆರಡು ಬೇಕೆನಿಸಿದರೆ ದುರ್ಗಾಪೂಜೆ ಕಳೆದ ವಾರ ಪಾಲಕ್, ಲೆಟ್ಯೂಸ್ ಬೀಜ ನೆನೆಸಿ, ದೀಪಾವಳಿಯ ಹೊತ್ತಿಗೆ ಒಂದೇ ಒಂದು ಪೆಟ್ಟಿಗೆಗೆ ನಾಲ್ಕು ಸಸಿ ನಾಟಿ ಮಾಡಿ. ಆ ಬೆಳೆ ಕೊಯ್ದ ಮೇಲೆ ಪ್ಯಾನೆಲ್ ಕೊಳ್ಳುವ ಯೋಚನೆ ಮಾಡಿದರಾಯಿತು.